ಬಾಗಿಲಾಚೆಯ ಬೂಟುಗಳು

ವಾಲ್ಕಿರಿಯಾ ಕೂತದ್ದನ್ನು ನಾನು ಕಂಡದ್ದು ಕಡಿಮೆ. ಬೇರೆಯವರನ್ನು ಕುರ್ಚಿಯಲ್ಲಿ ಕೂರಿಸಿ ಕೂದಲು ಕತ್ತರಿಸುವುದು ಅವಳ ಕಸುಬು. ತಾನು ಮಾತ್ರ ನಿಂತೇ ಉಣ್ಣುತ್ತಾಳೆ, ನಿಂತೇ ಜಗಳವಾಡುತ್ತಾಳೆ. ವಯಸ್ಸು ಅರವತ್ತು ದಾಟಿದೆ. ಹುಟ್ಟಿದಾಗ ಊರು ಅವಳನ್ನು ಗಂಡು ಎಂದಿತು, ಅವಳು ಒಪ್ಪಲಿಲ್ಲ. ಹದಿಹರೆಯದಲ್ಲೇ ಮನೆ ತಪ್ಪಿ, ರಾಜಧಾನಿ ಮೊಂತೆವಿಡಿಯೋದಲ್ಲಿ ಪಡಬಾರದ ಪಾಡು ಪಟ್ಟು, ತಾಯಿ ಹಾಸಿಗೆ ಹಿಡಿದಾಗ ನಮ್ಮೂರು ಪಾಯ್ಸಾಂಡುಗೆ ಮರಳಿದಳು. ತಾಯಿ ತೀರಿಕೊಂಡ ಮೇಲೂ ಹೋಗಲಿಲ್ಲ. "ನಾನ್ಯಾಕೆ ಹೋಗ್ಲಿ? ನನ್ನ ಕಂಡ್ರೆ ಆಗದೋರು ಹೋಗ್ಲಿ" ಎನ್ನುತ್ತಾಳೆ.

ಆ ಡಿಸೆಂಬರಿನಲ್ಲಿ ಅವಳು ಮುದುಕರು ಚೆಂಡು ಉರುಳಿಸಿ ಆಡುವ ನಮ್ಮ ಕ್ಲಬ್ಬಿಗೆ ಬಿರುಗಾಳಿಯಂತೆ ನುಗ್ಗಿದಳು. ಅಲ್ಲಿಯ ಕ್ಯಾಂಟೀನು ನನ್ನದು.

"ನೆಲಿದಾ, ಹಿಂದಿನ ಕೋಣೆ ಖಾಲಿ ಮಾಡು."

"ಯಾಕೆ, ಯಾರು ಬರ್ತಾರೆ?"

"ಮೂವರು ರಾಜರು."

ಕೂಸು ಯೇಸುವನ್ನು ನೋಡಲು ಒಂಟೆಯೇರಿ ಬಂದ ಆ ಮೂವರು ರಾಜರಿಗಾಗಿ ಜನವರಿ ಐದರ ಸಂಜೆ ನಮ್ಮ ಕಡೆ ಮಕ್ಕಳು ಬಾಗಿಲ ಹೊರಗೆ ತಮ್ಮ ಬೂಟು ಇಡುತ್ತಾರೆ, ಪಕ್ಕದಲ್ಲಿ ಒಂಟೆಗಳಿಗೆ ಹುಲ್ಲು, ನೀರು. ಬೆಳಗಾಗುವಷ್ಟರಲ್ಲಿ ರಾಜರು ಬಂದು ಉಡುಗೊರೆ ಇಟ್ಟು ಹೋಗಿರಬೇಕು. ಊರಿನ ಟ್ರಾನ್ಸ್ ಹುಡುಗ ಹುಡುಗಿಯರಿಗೆ ಆ ರಾಜರು ತಾನೇ ಆಗಬೇಕೆಂದು ಅವಳ ಹಟ. ಅವರಲ್ಲಿ ಕೆಲವರಿಗೆ ಬೂಟು ಇಡಲು ಬಾಗಿಲೇ ಇರಲಿಲ್ಲ, ಗೆಳೆಯರ ಮನೆಯ ಜಗಲಿಯಲ್ಲಿ ಮಲಗುತ್ತಿದ್ದರು.

ಕ್ಲಬ್ಬಿನ ಅಧ್ಯಕ್ಷ ವಾಷಿಂಗ್ಟನ್ ಮೂಗು ಮುರಿದ. "ಮೀಸೆ ಚಿಗುರೋ ವಯಸ್ಸು ಕಣೇ ಅವಕ್ಕೆ. ಆಟದ ಸಾಮಾನು ಯಾಕೆ?"

"ನಿಂಗೆ ಎಪ್ಪತ್ತಾಯ್ತು, ಇನ್ನೂ ಚೆಂಡು ಉರುಳಿಸ್ತಾ ಇದೀಯ. ನಾನೇನಾದ್ರೂ ಕೇಳಿದ್ನಾ?"

ಕೋಣೆ ಸಿಕ್ಕಿತು. ಆಟಿಕೆಗಳು ಬರತೊಡಗಿದವು. ಜನರ ದಾನಬುದ್ಧಿ ನೋಡಿ ನನಗೆ ಮೈ ಉರಿಯಿತು: ಕಾಲಿಲ್ಲದ ಗೊಂಬೆ, ಚಕ್ರವಿಲ್ಲದ ಲಾರಿ, ಯಾರೋ ಕಚ್ಚಿ ಬಿಟ್ಟ ರಬ್ಬರ್ ಆನೆ. ತೊಳೆದೆವು, ಅಂಟಿಸಿದೆವು, ಹೊಲಿದೆವು. ಸಹಾಯಕ್ಕೆ ಬಂದ ಹೆಂಗಸರು ಅಭ್ಯಾಸಬಲದಿಂದ ಹುಡುಗಿಯರದ್ದೊಂದು, ಹುಡುಗರದ್ದೊಂದು ರಾಶಿ ಮಾಡಿದರು. ವಾಲ್ಕಿರಿಯಾ ಬಂದು ಎರಡನ್ನೂ ತೋಳಿನಿಂದ ಬಳಿದು ಒಟ್ಟು ಸೇರಿಸಿದಳು. "ಆರಿಸೋರು ಅವರು. ನೀವು ಧೂಳು ಒರೆಸಿ ಸಾಕು."

ಅವಳದು ಇನ್ನೊಂದು ಕಟ್ಟಳೆಯಿತ್ತು. ಪ್ರತಿ ಉಡುಗೊರೆಯ ಮೇಲೂ ದೊಡ್ಡ ಅಕ್ಷರದಲ್ಲಿ ಹೆಸರಿರಬೇಕು, ಮನೆಯವರು ಕರೆಯುವ ಹೆಸರಲ್ಲ, ಆ ಮಗು ತನಗೆ ತಾನೇ ಇಟ್ಟುಕೊಂಡ ಹೆಸರು. ರಾಜರಿಗೆ ಎಲ್ಲರ ನಿಜವಾದ ಹೆಸರು ಗೊತ್ತಿರುತ್ತದೆ ಎನ್ನುವುದು ಅವಳ ವಾದ. ಸುಳ್ಳೆಂದು ಹೇಳುವ ಧೈರ್ಯ ನನಗಾಗಲಿಲ್ಲ.

ಅಬ್ರಿಲ್ ಬರುತ್ತಿದ್ದದ್ದು ಬ್ರೆಡ್ ತರುವ ನೆಪದಲ್ಲಿ. ಹದಿನಾಲ್ಕರ ಹುಡುಗಿ, ತಾತನ ಜೊತೆ ಇದ್ದಳು. ಊರವರು ಗೌರವದಿಂದ ಡಾನ್ ಅಲ್ಸೀದೆಸ್ ಎನ್ನುವ ಆ ತಾತ ಬಸ್ಸು ಓಡಿಸಿ ನಿವೃತ್ತನಾದವನು. ಅವನ ಕಣ್ಣಿಗೆ ಅವಳು ಇನ್ನೂ ಮೊಮ್ಮಗ. ಪ್ರತಿ ವರ್ಷ ಫುಟ್‌ಬಾಲ್ ಬೂಟು ಕೊಡಿಸುತ್ತಿದ್ದ. ನಮ್ಮ ರಾಶಿಯಲ್ಲಿ ಅವಳು ಆರಿಸಿದ್ದು ಕೈಯಲ್ಲಿ ತಿರುಗಿಸುವ ಆಟದ ಹೊಲಿಗೆ ಯಂತ್ರ. ಎಣ್ಣೆ ಬಿಟ್ಟರೆ ನಿಜವಾಗಿಯೂ ಹೊಲಿಯುತ್ತಿತ್ತು. "ತಾತಂಗೆ ಹೇಳ್ಬೇಡಿ ಅತ್ತೆ" ಎಂದಳು ನನಗೆ. ನಾನು ಹೇಳಲಿಲ್ಲ, ಊರಿಗೆ ಬಾಯಿ ಇಲ್ಲವೇ? ಅವನಿಗೆ ಕ್ಲಬ್ಬಿನ ಸುದ್ದಿ ಮುಟ್ಟಿತು, ಅಬ್ರಿಲ್ ಬರುವುದು ನಿಂತಿತು.

ಐದರ ಮಧ್ಯಾಹ್ನ ಎಲ್ಲರೂ ಬಂದರು, ತಮ್ಮ ಹೆಸರು ಓದಿಕೊಂಡರು, ಕೆಲವರು ಅತ್ತರು. ಕೊನೆಗೆ ಹೊಲಿಗೆ ಯಂತ್ರವೊಂದೇ ಮೇಜಿನ ಮೇಲೆ ಉಳಿಯಿತು. ವಾಲ್ಕಿರಿಯಾ ಅದರ ಸುತ್ತ ಸುತ್ತಿದಳು. ಅಬ್ರಿಲ್ ಎಂದು ಚೀಟಿ ಬರೆದಳು, ಕಿತ್ತಳು. ಮತ್ತೆ ಬರೆದಳು, ಮತ್ತೆ ಕಿತ್ತಳು.

"ಹಳೇ ಹೆಸರು ಬರೆದು ಬಾಗಿಲಲ್ಲಿಟ್ಟು ಬಾ ಮಾರಾಯ್ತಿ" ಎಂದೆ. "ಮುದುಕ ಸುಮ್ನಿರ್ತಾನೆ."

ಅವಳು ನಿಂತಳು. "ನಮ್ಮಪ್ಪ ನನ್ನ ಬೂಟು ತೆಗೆದು ಹೊರಗಿಟ್ಟಿದ್ದ, ಗೊತ್ತಾ? ನಾನು ಪೆದ್ದಿ, ರಾಜರು ಬರೋ ಕಾಲ ಅಲ್ವಲ್ಲ ಅಂದ್ಕೊಂಡೆ. ಒಳಗಿಂದ ಚಿಲಕ ಬಿತ್ತು." ಮತ್ತೆ ನಡೆಯತೊಡಗಿದಳು. "ಅಬ್ರಿಲ್ ಅಂತ ಬರೆದು ಅಜ್ಜ ಅವಳನ್ನೂ ಹಾಗೇ ಮಾಡಿದ್ರೆ, ಅದು ನನ್ನ ತಲೆ ಮೇಲೆ. ಹಳೇದು ಬರೆದ್ರೆ ನಾನೇ ಅವಳನ್ನ ಹೊರಗೆ ಹಾಕಿದ ಹಾಗೆ. ಹೇಳು, ಏನ್ಮಾಡ್ಲಿ?"

ನಾನು ಯಂತ್ರವನ್ನು ಕಾಗದದಲ್ಲಿ ಸುತ್ತಿ ಪೊಟ್ಟಣ ಕಟ್ಟಿದೆ. ಚೀಟಿ ಅಂಟಿಸುವುದನ್ನು ಅವಳಿಗೇ ಬಿಟ್ಟೆ.

ಅವಳು ತೀರ್ಮಾನಕ್ಕೆ ಬರುವಷ್ಟರಲ್ಲಿ ರಾತ್ರಿ ಕಳೆದು, ರಾಜರ ಹೊತ್ತು ಮೀರಿ, ಮರುದಿನದ ಬಿಸಿಲು ಬಿದ್ದಿತ್ತು. ಸೈಕಲ್ಲಿನ ಬುಟ್ಟಿಯಲ್ಲಿ ಪೊಟ್ಟಣವಿಟ್ಟುಕೊಂಡು ತಳ್ಳುತ್ತಾ ನಡೆದಳು, ನಾನು ಹಿಂದೆಯೇ ಓಡಿದೆ. ಡಾನ್ ಅಲ್ಸೀದೆಸ್ ಮೆಟ್ಟಿಲ ಮೇಲೆ ಕೂತು ಮಾಟೆ ಕಷಾಯ ಹೀರುತ್ತಿದ್ದ. ಪಕ್ಕದಲ್ಲಿ ಫುಟ್‌ಬಾಲ್ ಬೂಟುಗಳು, ಒಂದು ಹಿಡಿ ಹುಲ್ಲು, ಡಬ್ಬಿಯಲ್ಲಿ ನೀರು.

"ಒಂಟೆ ಸತ್ತೋಯ್ತಾ?" ಎಂದ ಸೈಕಲ್ ನೋಡಿ. "ಬಿಸಿಲೇರಿದ ಮೇಲೆ ಬರೋ ರಾಜರನ್ನ ಇದೇ ಮೊದಲು ನೋಡ್ತಿರೋದು."

ವಾಲ್ಕಿರಿಯಾ ಪೊಟ್ಟಣವನ್ನು ಬೂಟಿನ ಪಕ್ಕ ಇಟ್ಟಳು. ಅವನು ಎತ್ತಿಕೊಂಡು ತೋಳುದ್ದ ದೂರ ಹಿಡಿದು ಓದಿದ.

"ಈ ಹೆಸರಿನೋರು ಈ ಮನೇಲಿ ಯಾರೂ ಇಲ್ಲ."

"ಹಾಗಾದ್ರೆ ವಾಪಸ್ ಕೊಡಿ." ಅವಳು ಕೈ ಚಾಚಿದಳು.

ಅವನು ಕೊಡಲಿಲ್ಲ. "ಬೂಟಿನ ಪಕ್ಕ ಇಟ್ಟಿದ್ದನ್ನ ವಾಪಸ್ ತಗೊಳ್ತಾರಾ ಯಾರಾದ್ರೂ? ಈ ವರ್ಷ ಮಗು ಬೂಟೇ ಇಡಲಿಲ್ಲ. ನಂಗಾಗಿ ಯಾವ ರಾಜರೂ ಬರಲ್ಲ ಅಂತು. ನಾನೇ ಇಟ್ಟೆ. ಹುಲ್ಲೂ ನಾನೇ ಕೊಯ್ದೆ."

ಅಬ್ರಿಲ್ ಹೊಸ್ತಿಲಲ್ಲಿ ಬಂದು ನಿಂತಿದ್ದಳು, ಬರಿಗಾಲಲ್ಲಿ. ಮುದುಕ ಹಿಂದಿರುಗಿ ನೋಡದೆ ಪೊಟ್ಟಣವನ್ನು ಮೇಲೆತ್ತಿ ಕೇಳಿದ. "ಇದು ನಿಂದಾ?"

ವಾಲ್ಕಿರಿಯಾ ನನ್ನ ಮುಂಗೈ ಹಿಡಿದ ಬಿಗಿಗೆ ನೋವಾಯಿತು. ಹುಡುಗಿ 'ನಂದಲ್ಲ' ಎನ್ನುತ್ತಾಳೆ ಎಂದೇ ನಾನು ನಂಬಿದ್ದೆ.

"ನಂದೇ, ತಾತ."

ಅವನು ಚೀಟಿಯನ್ನು ಈ ಸಲ ಕಣ್ಣ ಹತ್ತಿರ ತಂದುಕೊಂಡ. ಬಿಸಿ ಸಾರನ್ನು ನಾಲಿಗೆಗೆ ತಾಕಿಸಿ ನೋಡುವವನ ಹಾಗೆ ತುಟಿ ಅಲುಗಿಸಿದ.

"ಅಬ್ರಿಲ್" ಎಂದ. ಪೊಟ್ಟಣವನ್ನು ಹಿಂದಕ್ಕೆ ಚಾಚಿದ. "ತಗೋ. ಆ ನೀರು ಗಿಡಕ್ಕೆ ಹಾಕು, ಒಂಟೆ ಕುಡಿದಾಯ್ತು."