ಲ್ಯಾಮಿನೇಟ್ ಮಾಡಿಸಿದ ಒಪ್ಪಿಗೆ ಪತ್ರ

ಹೊರದೇಶದ ನೆರವು ಬಂದರೆ ನಮ್ಮ ಸರ್ಕಾರ ತನ್ನ ಕೈ ಬಿಗಿ ಮಾಡುತ್ತದೆಯೇ? ಈ ಒಂದು ಪ್ರಶ್ನೆಯ ಬೆನ್ನು ಹತ್ತಿ ಸೋಮವಾರಪೇಟೆ ಸುತ್ತಿನ ಗುಡ್ಡಗಳನ್ನೆಲ್ಲ ಹತ್ತಿ ಇಳಿದಿದ್ದೇನೆ. ಉತ್ತರ ಇವತ್ತಿಗೂ ನನಗೆ ನೆಟ್ಟಗೆ ಗೊತ್ತಿಲ್ಲ. ಮಂಡಿ ನೋವಂತೂ ಖಾಯಂ ಆಯಿತು.

ಆಗ ನಾನು ಮಡಿಕೇರಿಯ ಕಾಲೇಜೊಂದರಲ್ಲಿ ಅರ್ಥಶಾಸ್ತ್ರದ ಅತಿಥಿ ಉಪನ್ಯಾಸಕ. ಅತಿಥಿ ಅಂದರೆ ಯಾವಾಗ ಬೇಕಾದರೂ ‘ಇನ್ನು ಹೊರಡಿ’ ಅನ್ನಿಸಿಕೊಳ್ಳುವವನು. ಆ ಪ್ರಶ್ನೆ ಇಟ್ಟುಕೊಂಡು, ಗುಡ್ಡ ಕುಸಿದು ಮನೆ ಕಳೆದುಕೊಂಡವರ ಬಗ್ಗೆ ವಿದೇಶದ ವಿಶ್ವವಿದ್ಯಾಲಯವೊಂದು ಸಂಶೋಧನೆ ನಡೆಸುತ್ತಿತ್ತು. ಮನೆಮನೆಗೆ ಹೋಗಿ ಪ್ರಶ್ನೆ ಕೇಳುವ ಕೆಲಸ ನನ್ನ ಪಾಲಿಗೆ ಬಂತು. ವರ್ಷಕ್ಕೊಂದು ಸುತ್ತು, ಅದೇ ಜನ, ಅದೇ ಪ್ರಶ್ನೆ.

ಪ್ರಶ್ನೆಗಿಂತ ಮೊದಲು ಒಪ್ಪಿಗೆ ಪತ್ರ. ಅದನ್ನು ಪೂರ್ತಿ ಓದಿ ಹೇಳಿ, ಸಹಿಯೋ ಹೆಬ್ಬೆಟ್ಟೋ ಹಾಕಿಸಿಕೊಂಡು, ಒಂದು ಪ್ರತಿಯನ್ನು ಅವರಿಗೇ ಕೊಡಬೇಕು. ‘ಈ ಅಧ್ಯಯನದಲ್ಲಿ ಪಾಲ್ಗೊಳ್ಳುವುದರಿಂದ ತಮಗೆ ಯಾವುದೇ ನೇರ ಪ್ರಯೋಜನ ಲಭ್ಯವಾಗುವುದಿಲ್ಲ’ ಎಂಬ ಸಾಲು ಅದರಲ್ಲಿತ್ತು. ಮುಹೂರ್ತ ಮೀರುತ್ತಿರುವಾಗ ಪುರೋಹಿತರು ಮಂತ್ರ ಹೇಳುವ ಹಾಗೆ ನಾನು ಅದನ್ನು ಓದಿ ಮುಗಿಸುತ್ತಿದ್ದೆ. ಬೇಕಂತಲೇ. ನಿಧಾನವಾಗಿ ಓದಿದರೆ ಜನ ಎದ್ದು ಹೋಗುತ್ತಿದ್ದರು, ದಿನಕ್ಕೆ ಆರು ಮನೆ ಮುಗಿಯುತ್ತಿರಲಿಲ್ಲ.

ಆ ಮನೆಗಳಲ್ಲೊಂದರ, ಅರವತ್ತರ ಆಸುಪಾಸಿನ ಹೆಂಗಸೊಬ್ಬರು ತನ್ನ ತಮ್ಮನ ಸೌದೆ ಕೊಟ್ಟಿಗೆಯಲ್ಲಿ ಮಗಳ ಜೊತೆ ಇದ್ದರು. ಮನೆ ಇದ್ದ ಜಾಗ ಮಣ್ಣಿನ ಜೊತೆ ಹೊಳೆಗೆ ಹೋಗಿತ್ತು. ಮಗಳು ಎಸ್ಟೇಟಿಗೆ ಪಿಕ್ಕಿಂಗಿಗೆ, ಅಂದರೆ ಕಾಫಿ ಹಣ್ಣು ಕೊಯ್ಯಲು, ಹೋಗುತ್ತಿದ್ದಳು. ಮೊದಲ ಸುತ್ತಿನಲ್ಲಿ ಅವರು ನನ್ನ ಪ್ರಶ್ನೆಗಳಿಗೆಲ್ಲ ಕೈಕಟ್ಟಿ ನಿಂತೇ ಉತ್ತರ ಕೊಟ್ಟರು. ಕೂತುಕೊಳ್ಳಿ ಅಮ್ಮಾ ಅಂದರೂ ಕೂರಲಿಲ್ಲ. ಬೆಲ್ಲದ ಕಾಫಿ ಕೊಟ್ಟರು. ಹೆಬ್ಬೆಟ್ಟು ಒತ್ತುವ ಮೊದಲು ಬೆರಳನ್ನು ಸೆರಗಿಗೆ ಚೆನ್ನಾಗಿ ಒರೆಸಿಕೊಂಡರು.

ಮರುವರ್ಷ ಹೋದಾಗಲೂ ಅವರು ಅದೇ ಕೊಟ್ಟಿಗೆಯಲ್ಲಿದ್ದರು. ಸರ್ಕಾರದ ಹೊಸ ಬಡಾವಣೆಯಲ್ಲಿ ಅಕ್ಕಪಕ್ಕದವರಿಗೆಲ್ಲ ಮನೆ ಸಿಕ್ಕಿತ್ತು.

“ನಿಮಗ್ಯಾಕೆ ಬಂದಿಲ್ಲ ಅಮ್ಮಾ? ಅರ್ಜಿ ಕೊಟ್ಟಿದ್ರಾ?” ಎಂದೆ. ಅದು ಪ್ರಶ್ನಾವಳಿಯಲ್ಲೇ ಇದ್ದ ಪ್ರಶ್ನೆ.

“ಅಯ್ಯೋ, ಇದೇನ್ ಮೇಷ್ಟ್ರೇ ಹಿಂಗ್ ಕೇಳ್ತೀರಾ? ನಿಮ್ ಕೈಗೇ ಕೊಟ್ಟಿವ್ನಲ್ಲ!”

ಒಳಗೆ ಹೋಗಿ ಅಕ್ಕಿ ಡಬ್ಬದಿಂದ ರೇಷನ್ ಕಾರ್ಡಿನ ಕವರ್ ತಂದರು. ಅದರೊಳಗೆ ನನ್ನ ಒಪ್ಪಿಗೆ ಪತ್ರ. ಸಂತೆ ದಿನ ಸೋಮವಾರಪೇಟೆಗೆ ಹೋಗಿ ಲ್ಯಾಮಿನೇಟ್ ಮಾಡಿಸಿದ್ದರು. ಮೇಲ್ಗಡೆ ವಿಶ್ವವಿದ್ಯಾಲಯದ ಲಾಂಛನ, ಕೆಳಗೆ ನನ್ನ ಸಹಿ, ಪಕ್ಕದಲ್ಲಿ ಅವರ ನೀಲಿ ಹೆಬ್ಬೆಟ್ಟು.

“ಊರೋರೆಲ್ಲ ಅರ್ಜಿ ಕೊಡಕ್ಕೋದ್ರು. ನಂದಾಗ್ಲೇ ಆಗೈತೆ ಅಂತ ನಾನ್ ಹೋಗ್ಲಿಲ್ಲ. ಎಲ್ಡು ಕಡೆ ಕೊಟ್ರೆ ಎಲ್ಡೂ ರದ್ದಾಯ್ತದೆ ಅಂತಾರಲ್ಲ?”

ಆ ಮಾತು ಸುಳ್ಳಲ್ಲ. ಎರಡೆರಡು ಅರ್ಜಿ ಹಾಕಿ ಎರಡನ್ನೂ ಕಳೆದುಕೊಂಡವರನ್ನು ನಾನೇ ಕಂಡಿದ್ದೆ. ಅಷ್ಟು ಹುಷಾರಾಗಿದ್ದಕ್ಕೇ ಈ ಅಮ್ಮನಿಗೆ ಮನೆ ತಪ್ಪಿತ್ತು.

ಮಾರನೆಯ ದಿನವೇ ಅವರನ್ನು ಬಸ್ಸಿನಲ್ಲಿ ತಾಲ್ಲೂಕು ಕಚೇರಿಗೆ ಕರೆದುಕೊಂಡು ಹೋದೆ. ಗುಮಾಸ್ತರು ಪಾಪ, ಒಳ್ಳೆಯವರೇ. ಮನೆ ಪಡೆಯುವವರ ಪಟ್ಟಿ ಮುಗಿದು ತಿಂಗಳುಗಳೇ ಆಗಿವೆ, ಇನ್ನೊಂದು ಪಟ್ಟಿ ಮಾಡಿದರೆ ನೋಡೋಣ ಎಂದು ಅರ್ಜಿ ಇಟ್ಟುಕೊಂಡರು. ಇನ್ನೊಂದು ಪಟ್ಟಿ ಆಗಲಿಲ್ಲ. ಸಂಶೋಧನೆಯ ಮುಖ್ಯಸ್ಥರಿಗೆ ಬರೆದೆ. ಉತ್ತರ ಕೊಟ್ಟವರ ಬದುಕಿನಲ್ಲಿ ನಾವು ಕೈಹಾಕಿದರೆ ಅಧ್ಯಯನವೇ ಕೆಡುತ್ತದೆ ಎಂದು ವಿನಯದಿಂದಲೇ ತಿಳಿಸಿದರು. ಥೂ, ಕೈ ಹಾಕಿ ಆಗಿತ್ತಲ್ಲ!

ಮೂರನೆಯ ಸುತ್ತಿಗೆ ಹೋಗುವ ಮನಸ್ಸಿರಲಿಲ್ಲ. ಆದರೂ ಹೋದೆ. ಅವರು ಕಾಫಿ ಇಟ್ಟರು. ಲ್ಯಾಮಿನೇಟ್ ಮಾಡಿಸಿದ ಹಾಳೆಯನ್ನು ಮತ್ತೆ ತಂದು ಮುಂದಿಟ್ಟರು.

“ಒಂದ್ಮಾತ್ ಕೇಳ್ತೀನಿ ಮೇಷ್ಟ್ರೇ. ಅವತ್ತು ನಾನೇನಾದ್ರೂ ತಪ್ಪು ಉತ್ರ ಹೇಳುದ್ನಾ?”

“ಇಲ್ಲಮ್ಮಾ. ತಪ್ಪು ನಂದು,” ಎಂದೆ. ಆ ಹಾಳೆಯನ್ನು ಕೈಗೆ ತೆಗೆದುಕೊಂಡು ಮೊದಲ ಸಾಲಿನಿಂದ ಓದಿದೆ. ಪ್ರತಿ ಸಾಲು ಓದಿ, ಅದನ್ನೇ ಅವರ ಮಾತಿನಲ್ಲಿ ಇನ್ನೊಮ್ಮೆ ಹೇಳಿದೆ. ಇದು ಅರ್ಜಿ ಅಲ್ಲ, ಇದರಿಂದ ಮನೆ ಬರೋದಿಲ್ಲ, ಬೇಡ ಅನ್ನಿಸಿದರೆ ನೀವು ಉತ್ತರ ಕೊಡಬೇಕಾಗಿಲ್ಲ ಎಂದು. ಮಗಳು ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ಓದಿ ಮುಗಿಸಲು ಹತ್ತು ನಿಮಿಷವೂ ಹಿಡಿಯಲಿಲ್ಲ.

ಅವರು ಖಾಲಿ ಲೋಟ ಎತ್ತಿಕೊಂಡರು.

“ಇಷ್ಟ್ ಚೆಂದಾಗಿ ಓದ್ತೀರಲ್ಲ ಮೇಷ್ಟ್ರೇ,” ಎಂದರು. “ಅವತ್ತೇ ಹಿಂಗೇ ಓದ್ಬೋದಿತ್ತಲ್ಲ.”