ಹಿತ್ತಲ ಬಾಗಿಲಿನ ಕೆಂಪು ಚುಕ್ಕಿ

ಹೋಟೆಲಿನವರು ಅವಳಿಗಿಟ್ಟ ಹೆಸರು ಎಂಜಲು ಮೇಡಂ. ತಕ್ಕಡಿ ಹಿಡಿದು ಅಡುಗೆಮನೆಗೆ ಕಾಲಿಟ್ಟರೆ ಸಾಕು, ಹರಟುತ್ತಿದ್ದವರೆಲ್ಲ ಬಾಯಿಗೆ ಬೀಗ ಹಾಕಿಕೊಳ್ಳುತ್ತಿದ್ದರು. ಯಾವ ಹೋಟೆಲಿನಲ್ಲಿ ಎಷ್ಟು ಊಟ ಹಾಳಾಗುತ್ತದೆಂದು ತೂಗಿ ನಕ್ಷೆಗೇರಿಸಲು ನಗರಸಭೆ ಅವಳನ್ನು ನೇಮಿಸಿತ್ತು. ಹೋಟೆಲಿನ ಹೆಸರು ಬರೆಯುವ ಗೋಜಿಲ್ಲ. ಫೋನಿನಲ್ಲಿ ತೂಕ ಹಾಕಿ ಗುಂಡಿ ಒತ್ತಿದರೆ ಅವಳಿದ್ದ ಜಾಗದಲ್ಲೇ ಚುಕ್ಕಿ ಬೀಳುತ್ತಿತ್ತು. ಕಡಿಮೆಯಿದ್ದರೆ ಹಸಿರು, ಮಿತಿಮೀರಿದರೆ ಕೆಂಪು.

ಅಮ್ಮ ತೀರಿಕೊಂಡ ಮೇಲೆ ಮನೆಯಲ್ಲೂ ಮಾತಿಲ್ಲ, ಕುಕ್ಕರ್ ಕೂಗಿದರೆ ಅದೇ ದೊಡ್ಡ ಸದ್ದು. ಪಾಪ, ಊರಿನ ಎಂಜಲನ್ನೆಲ್ಲ ತೂಗುವವಳನ್ನು ಊಟವಾಯಿತೇ ಎಂದು ಕೇಳುವವರಿರಲಿಲ್ಲ.

ಒಬ್ಬಳಿದ್ದಳು. ದೊಡ್ಡ ಹೋಟೆಲಿನ ಹಿಂದಿನ ಓಣಿಯಲ್ಲಿ ಪುಟ್ಟ ಕ್ಯಾಂಟೀನ್ ನಡೆಸುತ್ತಿದ್ದ ಅಕ್ಕ.

"ಬಾ ತಂಗಿ, ಮುಖ ಯಾಕೆ ಬಾಡಿದೆ? ಮೊದಲು ಟೀ ಕುಡಿ, ಆಮೇಲೆ ನಿನ್ನ ಎಂಜಲು ಪುರಾಣ" ಎನ್ನುತ್ತ ಹಿತ್ತಲ ಬಾಗಿಲಲ್ಲಿ ಸ್ಟೂಲ್ ಹಾಕುತ್ತಿದ್ದಳು. ಇವಳು ದೊಡ್ಡ ಹೋಟೆಲಿನ ಡ್ರಮ್ಮುಗಳನ್ನು ಸರಸರ ತೂಗಿ ಓಡಿಬಂದು, ಆ ಸ್ಟೂಲಿನ ಮೇಲೆ ಟೀ ಹೀರುತ್ತಲೇ ಎರಡೂ ಕಡೆಯ ತೂಕ ಹಾಕಿ ಗುಂಡಿ ಒತ್ತುತ್ತಿದ್ದಳು. ಎಡವಟ್ಟಾಗಿದ್ದು ಅಲ್ಲೇ.

ತಿಂಗಳ ಕೊನೆಗೆ ಕಚೇರಿಯಲ್ಲಿ ನಕ್ಷೆ ತೆರೆದರೆ ದೊಡ್ಡ ಹೋಟೆಲಿನ ಮೇಲೆ ಒಂದು ಚುಕ್ಕಿಯೂ ಇಲ್ಲ, ಅಕ್ಕನ ಬಾಗಿಲಲ್ಲಿ ಕಣ್ಣಿಗೆ ಹೊಡೆಯುವ ಕೆಂಪು. ಅವಳು ಬೇರೆ ಬೀದಿಗಳಲ್ಲಿ ತೂಗುತ್ತಿದ್ದ ನಾಲ್ಕು ದಿನಗಳಲ್ಲೇ ಕ್ಯಾಂಟೀನ್ ಮುಚ್ಚಬೇಕೆಂಬ ನೋಟಿಸನ್ನು ಅಲ್ಲಿ ಅಂಟಿಸಿದ್ದರು.

ಅವಳು ನೇರ ಸಾಹೇಬರ ಮೇಜಿನ ಬಳಿಗೆ ಹೋದಳು. "ಸಾರ್, ತಪ್ಪು ನಂದು. ಟೀ ಕುಡೀತಾ ಕೂತು ಒತ್ತಿಬಿಟ್ಟೆ."

"ನಿಮ್ಮನ್ನ ಕೆಲಸಕ್ಕೆ ಕಳಿಸಿದ್ದೋ, ನೆಂಟರ ಮನೆಗೋ?" ಎಂದು ಸಾಹೇಬರು ಸಿಡುಕಿದರು. ಗೊಣಗುತ್ತಲೇ ಚುಕ್ಕಿಗಳನ್ನು ಸರಿಪಡಿಸಿ ನೋಟಿಸ್ ರದ್ದು ಮಾಡಿದರು. "ಇನ್ಮೇಲೆ ಡ್ರಮ್ಮಿನ ಪಕ್ಕ ನಿಂತೇ ಒತ್ತಬೇಕು, ತಿಳೀತಾ?"

ಅವಳು ತಕ್ಕಡಿ ಎತ್ತಿಕೊಂಡು ಒಂದೇ ಉಸಿರಿಗೆ ಓಣಿಗೆ ಓಡಿದಳು. ನೋಟಿಸನ್ನು ತಾನೇ ಕಿತ್ತಳು. ಅದನ್ನು ಓದಿದ ಗಿರಾಕಿಗಳು ಅಷ್ಟು ದಿನವೂ ಮೂಗು ಮುರಿದು ವಾಪಸ್ಸಾಗಿದ್ದರು. ಒಳಗೆ ಬೆಂಚುಗಳೆಲ್ಲ ಖಾಲಿ.

"ಅಕ್ಕಾ, ಎಲ್ಲಾ ಸರಿಹೋಯ್ತು! ನನ್ನಿಂದಲೇ ಆಗಿದ್ದು, ನಾನೇ ಸರಿಮಾಡಿಸಿದೆ."

ಅಕ್ಕ ಕೈ ಒರೆಸಿಕೊಂಡಳು. ಬಾಗಿಲಲ್ಲಿದ್ದ ಸ್ಟೂಲನ್ನು ಒಳಗೆಳೆದುಕೊಂಡು, ಎಂಜಲು ಡಬ್ಬಿಯನ್ನು ಹೊಸಿಲ ಮೇಲಿಟ್ಟಳು.

"ತೂಕ ಮಾಡ್ಕೊಳ್ಳಿ ಮೇಡಂ."

ಡಬ್ಬಿ ಖಾಲಿಯಿತ್ತು. ಅವಳು ಅದನ್ನೇ ತಕ್ಕಡಿಗಿಟ್ಟು, ಅದರ ಪಕ್ಕ ನಿಂತುಕೊಂಡೇ ಗುಂಡಿ ಒತ್ತಿದಳು.