ಮೊದ್ಲು ಹೆಸ್ರು ಬರ್ಕೊಳ್ಳಿ

ಕುಮಾರಸ್ವಾಮಿ ಲೇಔಟ್‌ನಲ್ಲಿ ನಮ್ಮ ಕೆಳಗಿನ ಮನೆಯಲ್ಲಿದ್ದವರು ನಿವೃತ್ತ ಹೆಡ್ ಕಾನ್‌ಸ್ಟೇಬಲ್. ಠಾಣೆಯಲ್ಲಿ ಇಪ್ಪತ್ತು ವರ್ಷ ಸ್ಥಳ ಮಹಜರು ಬರೆದವರು. ಬೀದಿಯಲ್ಲಿ ಏನೇ ಗಲಾಟೆಯಾದರೂ ಜೇಬಿನ ಪೆನ್ನು ತೆಗೆದು, “ಮೊದ್ಲು ಹೆಸ್ರು ಬರ್ಕೊಳ್ಳಿ, ಮಿಕ್ಕಿದ್ದು ಆಮೇಲೆ” ಎನ್ನುತ್ತಿದ್ದರು. ನಾಯಿ ಕಚ್ಚಿದ ದಿನ ನಾಯಿಯ ಹೆಸರನ್ನೂ ಕೇಳಿದ್ದರು.

ನಾನು ಕ್ಯಾಮೆರಾ ಸಹಾಯಕನಾಗಿ ದುಡಿದ ಕ್ರೈಂ ಥ್ರಿಲ್ಲರ್ ಬಿಡುಗಡೆಯಾದಾಗ ಅವರನ್ನು ಜೆ.ಪಿ. ನಗರದ ಮಾಲ್‌ಗೆ ಕರೆದೊಯ್ದೆ. ಪೊಲೀಸರೇ ಮೆಚ್ಚಿದರು ಎಂದು ನಿರ್ದೇಶಕರಿಗೆ ಹೇಳುವ ಆಸೆ ನನಗೆ. ಪರದೆಯ ಮೇಲೆ ನೀಲಿ ಬೆಳಕು, ಹೊಗೆ, ಡ್ರೋನ್ ಶಾಟ್. ಜನ ಶಿಳ್ಳೆ ಹೊಡೆದರು. ಅವರು ಮಾತ್ರ ಮೊಣಕಾಲ ಮೇಲೆ ಟಿಕೆಟ್ ಮಗುಚಿಟ್ಟುಕೊಂಡು, ಪೆನ್ನು ಹಿಡಿದು ಕೂತಿದ್ದರು.

“ಹೇಗಿತ್ತು ಅಂಕಲ್?” ಎಂದೆ, ಹೊರಗೆ ಬಂದು.

“ಫೋಟೋಗ್ರಫಿ ಸಖತ್ತಾಗಿದೆ ಕಣಪ್ಪ. ಆ ಸತ್ತೋದ ಹುಡ್ಗಿ ಹೆಸ್ರೇನು? ಬರ್ಕೊಳ್ಳೋಣ ಅಂತ ಕೊನೇವರ್ಗೂ ಕಾದೆ. ಒಬ್ರೂ ಹೇಳ್ಲಿಲ್ವಲ್ಲ.”

ಟಿಕೆಟ್‌ನ ಹಿಂಬದಿ ಖಾಲಿಯಿತ್ತು. ಆ ಹೆಣದ ಮುಖಕ್ಕೆ ಬೆಳಕು ಹೊಂದಿಸಲು ನಾವು ಮೂರು ದಿನ ತೆಗೆದುಕೊಂಡಿದ್ದೆವು. ನಿಂತಲ್ಲೇ ಸ್ಕ್ರಿಪ್ಟನ್ನು ನೆನಪಿಸಿಕೊಂಡೆ. ಅದರಲ್ಲೂ ‘ಹೆಣ’ ಎಂದಷ್ಟೇ ಇತ್ತು.